ಆಚೆ ರಸ್ತೆಯ ವೈಫೈ, ಈಚೆ ಫ್ಲ್ಯಾಟಿನ ಮೂಲೆಮೂಲೆಗೆ: ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಅಣ್ಣನ ಮನೆಗೂ ನಮ್ಮ ಫ್ಲ್ಯಾಟಿಗೂ ನಡುವೆ ಇರುವುದು ಒಂದು ರಸ್ತೆ, ಒಂದು ಖಾಲಿ ಸೈಟು ಮತ್ತು ಆ ಸೈಟಿನ ಅಂಚಿನಲ್ಲಿ ಯಾರೂ ನೆಡದೆ ತಾನಾಗಿ ಬೆಳೆದ ಒಂದು ಹೊಂಗೆ ಮರ. ಎಲ್ಲ ಸೇರಿ ಸುಮಾರು 70 ಮೀಟರ್. ಅಣ್ಣನ ಮನೆಗೆ ಫೈಬರ್ ಬಂದು ವರ್ಷಗಳೇ ಆಗಿದ್ದವು. ನಮ್ಮ ಕಟ್ಟಡದಲ್ಲಿ ಮಾತ್ರ, ಕೇಬಲ್ ಯಾವ ಗೋಡೆಯ ಮೇಲೆ ಹಾಯಬೇಕು ಎಂಬ ಬಗ್ಗೆ ಅಸೋಸಿಯೇಷನ್‌ಗೂ ಸಂಪರ್ಕ ಕೊಡುವವರಿಗೂ ತಿಂಗಳುಗಟ್ಟಲೆ ಒಮ್ಮತವಾಗಿರಲಿಲ್ಲ. “ಅಲ್ಲಿಯವರೆಗೆ ನಮ್ಮದನ್ನೇ ಬಳಸಿಕೋ” ಎಂದ ಅಣ್ಣ. ಬಾಲ್ಕನಿಯಲ್ಲಿ ನಿಂತರೆ ಅವನ ವೈಫೈ ಹೆಸರು ಫೋನಿನಲ್ಲಿ ಕಾಣುತ್ತಿತ್ತು. ಬಾಗಿಲು ದಾಟಿ ಒಳಗೆ ಬಂದರೆ ಮಾಯ.

ನಾನು ಮೊದಲು ಮಾಡಿದ್ದು ಬಹುತೇಕ ಎಲ್ಲರೂ ಮಾಡುವ ತಪ್ಪು. ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ರಿಪೀಟರ್ ಒಂದನ್ನು ತಂದು ಹಾಲಿನಲ್ಲಿ ಹಾಕಿದೆ. ಫೋನಿನಲ್ಲಿ ಸಿಗ್ನಲ್ ಗೆರೆಗಳು ಪೂರ್ತಿ ತುಂಬಿದವು; ವಿಡಿಯೊ ಮಾತ್ರ ಸುತ್ತುತ್ತಲೇ ಇತ್ತು. ಆ ಗೆರೆಗಳು ತೋರಿಸುವುದು ಫೋನಿಗೂ ರಿಪೀಟರ್‌ಗೂ ನಡುವಿನ ಸಂಬಂಧವನ್ನು. ರಿಪೀಟರ್‌ಗೂ ಅಣ್ಣನ ಮನೆಗೂ ನಡುವೆ ಏನು ನಡೆಯುತ್ತಿದೆ ಎಂಬುದರ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ. ಸರಿಯಾಗಿ ಕೇಳಿಸದ ಮಾತನ್ನು ಗಟ್ಟಿಯಾಗಿ ಮರುಹೇಳುವವನಿಂದ ಏನು ಪ್ರಯೋಜನ? ಸಾಲದ್ದಕ್ಕೆ ಒಂದೇ ರೇಡಿಯೊ ಇರುವ ರಿಪೀಟರ್ ಪ್ರತಿ ತುಣುಕನ್ನೂ ಅದೇ ಚಾನೆಲ್‌ನಲ್ಲಿ ಒಮ್ಮೆ ಕೇಳಿ ಇನ್ನೊಮ್ಮೆ ಹೇಳಬೇಕು. ಬಂದ ವೇಗದಲ್ಲಿ ಅರ್ಧ ಅಲ್ಲೇ ಕರಗುತ್ತದೆ.

ಈ ಕೆಲಸದಲ್ಲಿ ಒಂದನ್ನು ಮಾತ್ರ ತಲೆಯಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ: ಸಿಗ್ನಲ್ ಹಿಡಿಯುವುದು ಬೇರೆ ಕೆಲಸ, ಹಂಚುವುದು ಬೇರೆ ಕೆಲಸ. ಬೀದಿಯ ಪೈಪಿನಿಂದ ನೀರು ಸಂಪಿಗೆ ಬೀಳುವುದು ಒಂದು ಏರ್ಪಾಡು, ಟ್ಯಾಂಕಿನಿಂದ ಅಡುಗೆಮನೆಯ ನಲ್ಲಿಗೆ ಹರಿಯುವುದು ಇನ್ನೊಂದು. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಮಾಡಲು ಹೊರಟಾಗ ರಿಪೀಟರ್ ಎಂಬ ವಸ್ತು ಹುಟ್ಟುತ್ತದೆ. ನಾವು ಮಾಡಬೇಕಾದದ್ದು ಇಷ್ಟು: ಮನೆಯಲ್ಲಿ ಸಿಗ್ನಲ್ ಅತಿ ಚೆನ್ನಾಗಿರುವ ಜಾಗದಲ್ಲಿ, ಅಂದರೆ ಸಾಮಾನ್ಯವಾಗಿ ಬಾಲ್ಕನಿ ಅಥವಾ ಕಿಟಕಿಯ ಹೊರಗೆ, ದಿಕ್ಕು ನೋಡಿ ಕೇಳುವ ಒಂದು ಉಪಕರಣದಿಂದ ಅದನ್ನು ಹಿಡಿಯುವುದು, ತಂತಿಯಲ್ಲಿ ಒಳಗೆ ತರುವುದು, ಒಳಗೆ ಇನ್ನೊಂದು ಉಪಕರಣದಿಂದ ಬೇರೆ ಚಾನೆಲ್‌ನಲ್ಲಿ ಹಂಚುವುದು.

ಮೊದಲು ಅನುಮತಿ

ಬಳಸುವ ಸಂಪರ್ಕ ನಿಮ್ಮದೇ ಆಗಿರಬೇಕು, ಇಲ್ಲವೇ ಅದರ ಒಡೆಯರು ಬಾಯಿಬಿಟ್ಟು ಒಪ್ಪಿರಬೇಕು. ಪಾಸ್‌ವರ್ಡ್ ಇಲ್ಲದೆ ತೆರೆದಿದೆ ಎಂಬುದು ಒಪ್ಪಿಗೆಯಲ್ಲ. 2008ರಲ್ಲಿ ಅಹಮದಾಬಾದ್ ಸ್ಫೋಟಗಳ ವೇಳೆ ಬೆದರಿಕೆಯ ಇಮೇಲ್ ಒಂದು ನವಿ ಮುಂಬೈಯ ಒಂದು ಮನೆಯ ವೈಫೈ ಮೂಲಕ ಹೋಗಿತ್ತು; ತನಿಖೆಯವರು ಮೊದಲು ತಲುಪಿದ್ದು ಆ ಮನೆಯ ಬಾಗಿಲಿಗೆ. ನೀವು ಏನೇ ಮಾಡಿದರೂ ಉತ್ತರ ಕೊಡಬೇಕಾದವರು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರು. ಹಣ ಪಡೆದು ಮರುಮಾರಾಟ ಮಾಡುವ ಯೋಚನೆಯಂತೂ ಬೇಡ. ಸಂಪರ್ಕದ ಒಪ್ಪಂದದಲ್ಲಿ ಬೇರೆ ವಿಳಾಸದಲ್ಲಿ ಬಳಸುವುದರ ಬಗ್ಗೆ ಏನಿದೆ ಎಂದು ಒಮ್ಮೆ ಓದಿಕೊಳ್ಳಿ.

ರೇಡಿಯೊ ಬಳಸುವುದಕ್ಕೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರ ಜನವರಿಯ ಅಧಿಸೂಚನೆ ಪರವಾನಗಿಯಿಂದ ಮುಕ್ತಗೊಳಿಸಿತು. ಆಂಟೆನಾದ ಬಲವೂ ಸೇರಿ ಹೊರಬೀಳುವ ಶಕ್ತಿ 4 ವ್ಯಾಟ್ ಮೀರುವಂತಿಲ್ಲ. 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು 2018ರ ಅಕ್ಟೋಬರ್‌ನಲ್ಲಿ ಹೀಗೆಯೇ ತೆರೆಯಲಾಯಿತು. ಉಪಕರಣದಲ್ಲಿ ದೇಶ ಇಂಡಿಯಾ ಎಂದು ಆರಿಸಿಕೊಂಡರೆ ಮಿತಿಯನ್ನು ಅದೇ ಕಾಯುತ್ತದೆ. ಅಂಗಡಿಯಲ್ಲಿ ‘ಸಿಗ್ನಲ್ ಬೂಸ್ಟರ್’ ಎಂದು ಕೇಳಬೇಡಿ. ಆ ಹೆಸರಿನಲ್ಲಿ ಕೆಲವರು ಕೊಡುವುದು ಮೊಬೈಲ್ ಸಿಗ್ನಲ್ ಬೂಸ್ಟರ್. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಅಳೆಯದೆ ಏನನ್ನೂ ಕೊಳ್ಳಬೇಡಿ

ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಬಗೆಯ ಆ್ಯಪ್ ಸಾಕು. ಐಫೋನಿನಲ್ಲಾದರೆ ಆ್ಯಪಲ್‌ನದೇ ಏರ್‌ಪೋರ್ಟ್ ಯುಟಿಲಿಟಿ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಹೆಸರಿನಡಿ ವೈಫೈ ಸ್ಕ್ಯಾನರ್ ಅನ್ನು ಚಾಲೂ ಮಾಡಬೇಕು. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿ ಹಿಡಿದು ವೈಫೈ ಚಿಹ್ನೆಯನ್ನು ಕ್ಲಿಕ್ಕಿಸಿದರೆ ಅಂಕಿಗಳು ಕಾಣುತ್ತವೆ.

ಅಂಕಿ ಬರುವುದು ಡಿಬಿಎಂ ಎಂಬ ಮಾನದಲ್ಲಿ, ಮೈನಸ್ ಚಿಹ್ನೆಯೊಂದಿಗೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. ರೂಟರ್‌ನ ಪಕ್ಕದಲ್ಲೇ ನಿಂತರೆ -30 ಆಸುಪಾಸು. -60ರ ತನಕ ಆರಾಮ. ವಿಡಿಯೊ ಕರೆ ತಡವರಿಸದೆ ನಡೆಯಬೇಕಾದರೆ -67ಕ್ಕಿಂತ ಕೆಳಗಿಳಿಯಬಾರದು. -80ರಲ್ಲಿ ಹೆಸರು ಕಾಣುತ್ತದೆ, ಕೆಲಸ ಆಗುವುದಿಲ್ಲ. ಇದು ಸರಳ ಏಣಿಯಲ್ಲ ಎಂಬುದು ನೆನಪಿರಲಿ: 3 ಅಂಕ ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತನೇ ಒಂದು ಪಾಲು ಉಳಿಯಿತು. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಇಮ್ಮಡಿಯಾದರೆ 6 ಅಂಕ ಇಳಿಯುತ್ತದೆ.

ಮನೆಯ ನಕ್ಷೆಯನ್ನು ಒಂದು ಹಾಳೆಯ ಮೇಲೆ ಗೀಚಿಕೊಂಡು ಸುತ್ತಿ. ಒಂದೊಂದು ಜಾಗದಲ್ಲೂ ಒಂದು ನಿಮಿಷವಾದರೂ ನಿಲ್ಲಬೇಕು. ಆಂಡ್ರಾಯ್ಡ್ 9ರಿಂದೀಚೆಗೆ ಒಂದು ಆ್ಯಪ್ ಎರಡು ನಿಮಿಷಕ್ಕೆ ನಾಲ್ಕೇ ಸಲ ಹುಡುಕಬಹುದಾದ್ದರಿಂದ ಅವಸರದಲ್ಲಿ ನಡೆದರೆ ಹಿಂದಿನ ಕೋಣೆಯ ಅಂಕಿಯನ್ನು ಈ ಕೋಣೆಯದೆಂದು ಬರೆದುಕೊಳ್ಳುತ್ತೀರಿ. ನಮ್ಮಲ್ಲಿ ಸಿಕ್ಕಿದ್ದು ಹೀಗೆ: ಬಾಲ್ಕನಿಯ ಕಂಬಿಯ ಹತ್ತಿರ -68, ಸೊಳ್ಳೆ ಜಾಲರಿಯ ಬಾಗಿಲಿನ ಈಚೆಗೆ -75, ಹಾಲಿನ ನಡುವೆ -82, ಮಲಗುವ ಕೋಣೆಗಳಲ್ಲಿ ಏನೂ ಇಲ್ಲ.

ಜಾಲರಿ ಬಾಗಿಲಿನಿಂದಲೇ 7 ಅಂಕ ಹೋದದ್ದು ನನಗೆ ಅಚ್ಚರಿಯಾಗಿತ್ತು, ಆದರೆ ಅಚ್ಚರಿಪಡಬೇಕಾದದ್ದಲ್ಲ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್. ಸ್ಟೀಲ್ ಜಾಲರಿಯ ಕಣ್ಣು ಒಂದೆರಡು ಮಿಲಿಮೀಟರ್. ಸೊಳ್ಳೆಗೆ ಹೇಗೋ ವೈಫೈಗೂ ಹಾಗೆಯೇ ಅದು ಗೋಡೆ. ನೈಲಾನ್ ಜಾಲರಿಗೆ ಈ ದೋಷವಿಲ್ಲ. ಕಬ್ಬಿಣದ ಬೀರು, ಫ್ರಿಜ್ಜು, ದೊಡ್ಡ ಕನ್ನಡಿ, ಕಂಬಿಗಳನ್ನು ತುಂಬಿಕೊಂಡ ಆರ್‌ಸಿಸಿ ಬೀಮು, ನೀರು ತುಂಬಿದ ಟ್ಯಾಂಕು, ಮಳೆಯಲ್ಲಿ ನೆನೆದ ಎಲೆಗಳು, ಇವೆಲ್ಲ ಇದೇ ಗುಂಪಿನವು. ನಿಮ್ಮ ಬೆಸ್ಟ್ ಜಾಗ ಹೊರಗಿದ್ದರೆ ಹಿಡಿಯುವ ಉಪಕರಣವೂ ಹೊರಗೇ ಇರಬೇಕು. ಅದನ್ನು ಒಳಗೇ ಇಟ್ಟು ಚಂದ ಕಾಣಿಸುವ ಆಸೆಯನ್ನು ಇಲ್ಲೇ ಬಿಟ್ಟುಬಿಡಿ.

ಖರ್ಚಿಲ್ಲದ ಕೆಲಸ: ಮೂಲವನ್ನು ಸರಿಪಡಿಸುವುದು

ಅಣ್ಣನ ಮನೆಯಲ್ಲಿ ರೂಟರ್ ಇದ್ದದ್ದು ಟಿವಿಯ ಹಿಂದೆ, ಮರದ ಪೆಟ್ಟಿಗೆಯಂಥ ಗೂಡಿನಲ್ಲಿ. ಫೈಬರ್ ಹಾಕಲು ಬಂದವರು ತಂತಿ ಎಲ್ಲಿ ಮುಗಿಯುತ್ತದೋ ಅಲ್ಲಿ ಇಟ್ಟು ಹೋಗಿರುತ್ತಾರೆ; ಆ ಜಾಗ ಹತ್ತರಲ್ಲಿ ಒಂಬತ್ತು ಸಲ ತಪ್ಪಾಗಿರುತ್ತದೆ. ಫೈಬರ್ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಅದರಿಂದ ಹತ್ತು ಮೀಟರ್ ಲ್ಯಾನ್ ಕೇಬಲ್ ಎಳೆದು, ಅವನ ಬಳಿ ಬಿದ್ದಿದ್ದ ಹಳೆಯ ರೂಟರ್ ಅನ್ನು ನಮ್ಮ ಕಡೆ ಮುಖ ಮಾಡಿದ ಕಿಟಕಿಯಲ್ಲಿ ಇಟ್ಟೆವು. ಆಂಟೆನಾ ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದೆವು. ಕಡ್ಡಿಯ ತುದಿಯನ್ನು ನಮ್ಮ ಮನೆಯ ಕಡೆ ಚಾಚುವುದು ಬಂದೂಕಿನ ತರ್ಕ. ಅಲೆಗಳು ಕಡ್ಡಿಯ ಸುತ್ತ ಉದ್ದಿನ ವಡೆಯ ಆಕಾರದಲ್ಲಿ ಹರಡುತ್ತವೆ, ತುದಿಯ ನೇರಕ್ಕೆ ಇರುವುದು ವಡೆಯ ತೂತು. ಇಷ್ಟರಿಂದಲೇ ನಮ್ಮ ಬಾಲ್ಕನಿಯ -68 ಅಂಕಿ -62ಕ್ಕೆ ಏರಿತು.

ಅದೇ ಹೊತ್ತಿನಲ್ಲಿ ರೂಟರ್‌ನ ಸೆಟ್ಟಿಂಗ್‌ಗಳನ್ನೂ ನೋಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಹಾಯದ ಚಾನೆಲ್‌ಗಳು 1, 6 ಮತ್ತು 11. ಆ್ಯಪ್ ನೋಡಿ ಅವುಗಳಲ್ಲಿ ಕಡಿಮೆ ಗದ್ದಲವಿರುವುದನ್ನು ಆರಿಸಿ, ‘ಆಟೊ’ ತೆಗೆದುಹಾಕಿ. ಅಗಲ 20 ಮೆಗಾಹರ್ಟ್ಸ್ ಇರಲಿ. 40 ಎಂದು ಹಾಕಿದರೆ ಕಾಗದದ ಮೇಲೆ ವೇಗ ಹೆಚ್ಚು. ಅಪಾರ್ಟ್‌ಮೆಂಟುಗಳ ನಡುವೆ ಅಕ್ಕಪಕ್ಕದ ಮನೆಗಳ ಗಲಾಟೆಯನ್ನೂ ಮಡಿಲಿಗೆ ಹಾಕಿಕೊಂಡಂತೆ. ಭದ್ರತೆಯನ್ನು ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟಿದ್ದರೆ ಹೊರಗಿಡುವ ಹಲವು ಉಪಕರಣಗಳು ಸೇರಲಾರವು. ಡಬ್ಲ್ಯುಪಿಎ2 ಅಥವಾ ಎರಡೂ ಕೂಡಿದ ಆಯ್ಕೆ ಬೇಕು. ಸಾಧ್ಯವಿದ್ದರೆ ನಿಮಗಾಗಿ ಅತಿಥಿ ಜಾಲವೊಂದನ್ನು ಬೇರೆ ಹೆಸರಿನಲ್ಲಿ ತೆರೆಸಿಕೊಳ್ಳಿ. ಆಗ ಅವರ ಪ್ರಿಂಟರ್, ಕ್ಯಾಮೆರಾಗಳು ನಿಮ್ಮ ಮಕ್ಕಳ ಕೈಗೆ ಸಿಗುವುದಿಲ್ಲ.

5 ಗಿಗಾಹರ್ಟ್ಸ್ ಬಳಸಬಾರದೇ? ದೃಷ್ಟಿರೇಖೆ ಶುಭ್ರವಾಗಿದ್ದರೆ ಖಂಡಿತ ಬಳಸಬಹುದು. ಗದ್ದಲ ಕಡಿಮೆ, ವೇಗ ಹೆಚ್ಚು. ಎಲೆ ಮತ್ತು ಗೋಡೆ ಎದುರಾದರೆ ಅದು ಬೇಗ ಸೋಲುತ್ತದೆ. ಹೊಂಗೆ ಮರದ ಒಂದು ಕೊಂಬೆ ಹಾದಿಗೆ ಚಾಚಿದ್ದರಿಂದ ನಾನು 2.4ಕ್ಕೆ ಒಪ್ಪಿಕೊಂಡೆ. 5ರಲ್ಲಿ ಹೋಗುವವರು 36ರಿಂದ 48 ಅಥವಾ 149ರಿಂದ 161ರ ಚಾನೆಲ್‌ಗಳಲ್ಲಿ ಒಂದನ್ನು ಹಿಡಿಯುವುದು ಒಳ್ಳೆಯದು. ನಡುವಿನವು ರಾಡಾರ್ ಜತೆ ಹಂಚಿಕೊಂಡವು. ರಾಡಾರ್ ಸುಳಿವು ಸಿಕ್ಕಿದರೆ ರೂಟರ್ ಆ ಚಾನೆಲ್ ಬಿಟ್ಟು ಓಡುತ್ತದೆ, ಹೊಸದಕ್ಕೆ ಹೋಗಿ ಒಂದು ನಿಮಿಷ ಮೌನವಾಗಿ ಕಿವಿಗೊಟ್ಟು ಕೂರುತ್ತದೆ.

ಹಿಡಿಯುವ ಉಪಕರಣ

ನಿಮಗೆ ಬೇಕಾದದ್ದರ ಹೆಸರು ಹೊರಾಂಗಣ ಸಿಪಿಇ. ಅಂಗೈ ಅಗಲದ, ಬಿಳಿ ಪ್ಲಾಸ್ಟಿಕ್ಕಿನ, ಮಳೆಗೆ ಅಂಜದ ಪೆಟ್ಟಿಗೆ. ಆಂಟೆನಾ ಒಳಗೇ ಇದ್ದು ಒಂದು ದಿಕ್ಕಿಗೆ ಮಾತ್ರ ಕೇಳುತ್ತದೆ, ಹೇಳುತ್ತದೆ. ವೈಫೈ ಎರಡು ಕಡೆಯ ಮಾತುಕತೆ: ಅಣ್ಣನ ರೂಟರ್ ಕೂಗಿದ್ದು ನಮಗೆ ಕೇಳಿದರೆ ಸಾಲದು, ನಮ್ಮ ಫೋನಿನ ಪಿಸುಮಾತು ಅಲ್ಲಿಗೆ ಮುಟ್ಟಬೇಕು. ದಿಕ್ಕಿನ ಆಂಟೆನಾ ಎರಡಕ್ಕೂ ನೆರವಾಗುತ್ತದೆ. ರೂಟರ್‌ನ ಶಕ್ತಿ ಏರಿಸುವುದರಿಂದ ಕೂಗು ಮಾತ್ರ ಜೋರಾಗುತ್ತದೆ.

ನಾನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಿಂದ ತಂದದ್ದು ಟಿಪಿ-ಲಿಂಕ್ ಸಿಪಿಇ210, 2.4 ಗಿಗಾಹರ್ಟ್ಸ್, ಆಂಟೆನಾ ಬಲ 9 ಡಿಬಿಐ. 5 ಗಿಗಾಹರ್ಟ್ಸ್‌ಗೆ ಅದರ ತಮ್ಮ ಸಿಪಿಇ510 ಇದೆ, ಬಲ 13 ಡಿಬಿಐ. ಬೇರೆ ಕಂಪನಿಗಳದೂ ಸಿಗುತ್ತವೆ. ಕೊಳ್ಳುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಇದು ಸಾಮಾನ್ಯ ರೂಟರ್‌ಗೆ ಗ್ರಾಹಕನಾಗಿ ಸೇರುತ್ತದೆಯೇ? ಯುಬಿಕ್ವಿಟಿಯ ಏರ್‌ಮ್ಯಾಕ್ಸ್ ಎಸಿ ಸರಣಿಯಂಥವು ತಮ್ಮದೇ ಭಾಷೆಯಲ್ಲಿ ಮಾತನಾಡುತ್ತವೆ. ಎರಡೂ ತುದಿಗೆ ಅವೇ ಇದ್ದರೆ ಅದ್ಭುತ, ಒಂದು ತುದಿಯಲ್ಲಿ ಮನೆಯ ರೂಟರ್ ಇದ್ದರೆ ಮೂಕ. ಎರಡೂ ಮನೆಗಳಲ್ಲಿ ಹೊರಗೆ ಉಪಕರಣ ಹಾಕುವ ಸ್ವಾತಂತ್ರ್ಯವಿದ್ದರೆ, ಒಂದೇ ಜಾತಿಯ 5 ಗಿಗಾಹರ್ಟ್ಸ್ ಜೋಡಿಯನ್ನು ಎದುರುಬದುರಾಗಿ ನಿಲ್ಲಿಸುವುದಕ್ಕಿಂತ ಉತ್ತಮವಾದದ್ದು ಇಲ್ಲ. ನನ್ನ ಮನಸ್ಸು ಅಲ್ಲೇ ಇತ್ತು, ಆದರೆ ಅತ್ತಿಗೆ ಹೊಸದಾಗಿ ಬಣ್ಣ ಬಳಿಸಿದ ಗೋಡೆಯ ಎದುರು ಆ ಮಾತು ಎತ್ತಲಿಲ್ಲ.

ಇದರ ಜತೆ ಬೇಕಾದದ್ದು ಹೊರಾಂಗಣಕ್ಕೆಂದೇ ಮಾಡಿದ ಕಪ್ಪು ಹೊದಿಕೆಯ ಕ್ಯಾಟ್ 6 ಕೇಬಲ್. ಒಳಾಂಗಣದ ಬೂದು ಕೇಬಲ್ ಬಿಸಿಲಿಗೆ ಹಪ್ಪಳದಂತೆ ಗರಿಯಾಗಿ ಬಿರಿಯುತ್ತದೆ. ಒಳತಂತಿ ಅಪ್ಪಟ ತಾಮ್ರದ್ದಾಗಿರಲಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಅಗ್ಗ, ಆದರೆ ನಾವು ಇದೇ ತಂತಿಯಲ್ಲಿ ವಿದ್ಯುತ್ತನ್ನೂ ಕಳುಹಿಸುತ್ತೇವೆ. ಸಿಪಿಇಗೆ ಹೊರಗೆ ಪ್ಲಗ್ ಬೇಡ. ಜತೆಗೆ ಬರುವ ಪಿಒಇ ಅಡಾಪ್ಟರ್ ಒಳಗೆ ಕೂತು 24 ವೋಲ್ಟನ್ನು ಲ್ಯಾನ್ ಕೇಬಲ್ ಮೂಲಕವೇ ಮೇಲಕ್ಕೆ ಒಯ್ಯುತ್ತದೆ.

ಈ ಅಡಾಪ್ಟರ್‌ನಲ್ಲಿ ಎರಡು ಕಿಂಡಿಗಳಿವೆ, ಒಂದರ ಮೇಲೆ ಪಿಒಇ, ಇನ್ನೊಂದರ ಮೇಲೆ ಲ್ಯಾನ್ ಎಂದಿರುತ್ತದೆ. ಪಿಒಇ ಕಿಂಡಿ ಸಿಪಿಇಗೆ, ಲ್ಯಾನ್ ಕಿಂಡಿ ರೂಟರ್‌ಗೆ. ಅದಲುಬದಲಾದರೆ ರೂಟರ್ ಅಥವಾ ಲ್ಯಾಪ್‌ಟಾಪಿನ ಹೊಟ್ಟೆಗೆ 24 ವೋಲ್ಟ್ ನುಗ್ಗುತ್ತದೆ. ಎರಡೂ ಕೇಬಲ್‌ಗಳ ತುದಿಗೆ ಬಣ್ಣದ ಟೇಪು ಸುತ್ತಿಡಿ. ಮನೆ ಗುಡಿಸುವಾಗ ಕಿತ್ತುಬಂದದ್ದನ್ನು ಮರಳಿ ಸಿಕ್ಕಿಸುವವರು ನೀವೇ ಆಗಿರುವುದಿಲ್ಲ.

ಮೇಜಿನ ಮೇಲೆ ಸಿದ್ಧಪಡಿಸಿ, ಆಮೇಲೆ ಹೊರಗೆ ಕಟ್ಟಿ

ಬಾಲ್ಕನಿಯ ಕಂಬಿಗೆ ಜೋತುಬಿದ್ದು ಪಾಸ್‌ವರ್ಡ್ ಒತ್ತುವ ಸಾಹಸ ಬೇಡ. ಒಳಗೆ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿ, ಲ್ಯಾಪ್‌ಟಾಪನ್ನು ಅಡಾಪ್ಟರ್‌ನ ಲ್ಯಾನ್ ಕಿಂಡಿಗೆ ಸೇರಿಸಿ. ಸಿಪಿಇ210ರ ಮೂಲ ವಿಳಾಸ 192.168.0.254. ಲ್ಯಾಪ್‌ಟಾಪಿಗೆ ಕೈಯಾರೆ 192.168.0.10 ಎಂಬ ವಿಳಾಸ ಕೊಟ್ಟು ಬ್ರೌಸರ್‌ನಲ್ಲಿ ಸಿಪಿಇಯ ವಿಳಾಸವನ್ನು ತೆರೆಯಿರಿ. ಮೊದಲ ಕೆಲಸ, ಬಂದ ಪಾಸ್‌ವರ್ಡ್ ಬದಲಿಸುವುದು. ಎರಡನೆಯದು, ದೇಶ.

ಮೂರನೆಯದು, ಕಾರ್ಯವಿಧಾನದ ಆಯ್ಕೆ. ಇಲ್ಲಿ ತುಸು ನಿಲ್ಲಬೇಕು. ‘ಕ್ಲೈಂಟ್’ ಎಂಬ ಆಯ್ಕೆ ಆಕರ್ಷಕವಾಗಿ ಕಾಣುತ್ತದೆ: ಅಣ್ಣನ ಮನೆಯ ಜಾಲವೇ ನಮ್ಮ ಮನೆಗೂ ಹಿಗ್ಗಿದಂತೆ. ಆದರೆ ಸಾಮಾನ್ಯ ವೈಫೈ ಕಳುಹಿಸುವ ಒಂದೊಂದು ಡೇಟಾ ತುಣುಕಿನಲ್ಲೂ ಮೂರೇ ವಿಳಾಸಗಳಿಗೆ ಜಾಗ. ಸಿಪಿಇಯ ಹಿಂದೆ ಇನ್ನೂ ಹತ್ತು ಫೋನುಗಳಿವೆ ಎಂಬುದನ್ನು ಆಚೆಯ ರೂಟರ್‌ಗೆ ತಿಳಿಸಲು ನಾಲ್ಕನೆಯ ವಿಳಾಸ ಬೇಕು, ಅದಕ್ಕೆ ಎರಡೂ ಕಡೆಯ ಹೊಂದಾಣಿಕೆ ಬೇಕು. ಇಲ್ಲದಿದ್ದಾಗ ಕೆಲವು ಉಪಕರಣಗಳಿಗೆ ಜಾಲದ ವಿಳಾಸ (ಐಪಿ) ಸಿಗುತ್ತದೆ, ಕೆಲವಕ್ಕೆ ಸಿಗುವುದಿಲ್ಲ, ಸಿಕ್ಕಿದ್ದೂ ಮರುದಿನ ಹೋಗುತ್ತದೆ. ನಾನು ಒಂದು ಭಾನುವಾರವನ್ನು ಇದಕ್ಕೆ ಬಲಿಕೊಟ್ಟಿದ್ದೇನೆ. ‘ಎಪಿ ಕ್ಲೈಂಟ್ ರೂಟರ್’ ಅಥವಾ ‘ವಿಸ್ಪ್’ ಎಂದು ಕರೆಯುವ ಆಯ್ಕೆಯನ್ನು ತೆಗೆದುಕೊಳ್ಳಿ. ಆಗ ಅಣ್ಣನ ರೂಟರ್‌ನ ಕಣ್ಣಿಗೆ ನಮ್ಮ ಇಡೀ ಮನೆ ಒಂದೇ ಉಪಕರಣ. ಹಂಚುವ ಲೆಕ್ಕವೆಲ್ಲ ಸಿಪಿಇಯದು. ಕೆಲವು ಆಟಗಳು, ಹೊರಗಿನಿಂದ ನೋಡುವ ಕೆಲವು ಕ್ಯಾಮೆರಾಗಳು ಗೊಣಗಬಹುದು. ಉಳಿದವಕ್ಕೆ ಗೊತ್ತೂ ಆಗುವುದಿಲ್ಲ.

ಈ ಆಯ್ಕೆಯಲ್ಲಿ ಎಡವಿ ಬೀಳುವ ಒಂದು ಹಳ್ಳ ಇದೆ. ಆಚೆಯ ಜಾಲದ ವಿಳಾಸ 192.168.0ರಿಂದ ಶುರುವಾಗುತ್ತಿದ್ದು ಸಿಪಿಇಯದೂ ಅದೇ ಆಗಿದ್ದರೆ ಯಾವುದು ಒಳಗು, ಯಾವುದು ಹೊರಗು ಎಂದು ತಿಳಿಯದೆ ಅದು ಕಕ್ಕಾಬಿಕ್ಕಿಯಾಗುತ್ತದೆ. ಸಿಪಿಇಯ ಒಳಗಿನ ವಿಳಾಸವನ್ನು 10.20.30.1ರಂತೆ ಪೂರ್ತಿ ಬೇರೆಯಾಗಿಸಿ. ಬದಲಿಸಿದ ಕೂಡಲೇ ಹಳೆಯ ವಿಳಾಸದಲ್ಲಿ ಪುಟ ತೆರೆಯುವುದಿಲ್ಲ. ಲ್ಯಾಪ್‌ಟಾಪನ್ನು ತಾನಾಗಿ ವಿಳಾಸ ಪಡೆಯುವ ಸ್ಥಿತಿಗೆ ಮರಳಿಸಿ ಹೊಸ ವಿಳಾಸ ಒತ್ತಿ.

ಇನ್ನು ‘ಸರ್ವೇ’ ಗುಂಡಿ. ಸುತ್ತಲಿನ ಜಾಲಗಳ ಪಟ್ಟಿ ಬರುತ್ತದೆ. ದಿಕ್ಕಿನ ಆಂಟೆನಾಕ್ಕೆ ಎಷ್ಟೊಂದು ಮನೆಗಳು ಕೇಳುತ್ತವೆ ಎಂದು ಒಮ್ಮೆ ಬೆರಗಾಗುತ್ತೀರಿ. ನಿಮ್ಮದನ್ನು ಆರಿಸಿ, ಆ ಒಂದೇ ರೂಟರ್‌ಗೆ ಅಂಟಿಕೊಳ್ಳುವಂತೆ ಅದರ ಮ್ಯಾಕ್ ವಿಳಾಸಕ್ಕೆ, ಅಂದರೆ ಆ ಉಪಕರಣದ ಗುರುತಿನ ಸಂಖ್ಯೆಗೆ, ಬೀಗ ಹಾಕಿ, ಪಾಸ್‌ವರ್ಡ್ ಕೊಟ್ಟು ಉಳಿಸಿ. ಸೆಟ್ಟಿಂಗ್‌ಗಳ ಒಂದು ಪ್ರತಿಯನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದನ್ನು ಮರೆಯಬೇಡಿ.

ಹೊರಗೆ ಕಟ್ಟುವುದು ಸುಲಭ. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಗೋಜಿಲ್ಲ. ಜತೆಗೆ ಬರುವ ಪಟ್ಟಿಯಿಂದ ಕಿಟಕಿಯ ಗ್ರಿಲ್ಲಿಗೋ ಬಾಲ್ಕನಿಯ ಕಂಬಿಗೋ ಬಿಗಿಯಬಹುದು. ಮುಂಭಾಗದ ಅಂದದ ಬಗ್ಗೆ ಅಸೋಸಿಯೇಷನ್ ನಿಯಮವಿದ್ದರೆ ಕಂಬಿಯ ಒಳಬದಿಗೆ ಕಟ್ಟಿ, ಆದರೆ ಪೆಟ್ಟಿಗೆಯ ಮುಖದ ಎದುರು ಕಬ್ಬಿಣ ಬಾರದಂತೆ. ಕೇಬಲ್ ಸೇರುವ ಕಿಂಡಿ ನೆಲದ ಕಡೆ ಇರಬೇಕು. ಕೇಬಲ್ ಗೋಡೆ ಹೊಕ್ಕುವ ಮೊದಲು ಒಮ್ಮೆ ಕೆಳಕ್ಕೆ ಜೋತು ಮೇಲೇರಲಿ. ಮಳೆನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತದೆ, ತಂತಿ ಹಿಡಿದು ಮನೆಯೊಳಗೆ ಬರುವುದಿಲ್ಲ. ಒಳಗೆ ತರಲು ಏಸಿ ಪೈಪಿಗೆಂದು ಕೊರೆದ ತೂತು ಸಿಕ್ಕಿದರೆ ಅದೃಷ್ಟ. ಇಲ್ಲವಾದರೆ ಸರಿಯುವ ಕಿಟಕಿಯ ಹಳಿಯಲ್ಲಿ ಒಂದೆರಡು ಮೀಟರ್ ಚಪ್ಪಟೆ ಕೇಬಲ್ ಹಾಯಿಸಬಹುದು. ಕೋತಿಗಳ ಓಡಾಟವಿರುವ ಬಡಾವಣೆಯಾದರೆ ಪ್ರತಿ ಅರ್ಧ ಅಡಿಗೊಂದು ಕೇಬಲ್ ಟೈ ಹಾಕಿ. ಜೋತಾಡುವ ತಂತಿಯನ್ನು ಕಂಡರೆ ಅವುಗಳ ಕೈ ಸುಮ್ಮನಿರದು.

ಮೇಲಿನ ಸ್ಲ್ಯಾಬಿನ ನೆರಳಿರುವ ಬಾಲ್ಕನಿಗೆ ಸಿಡಿಲಿನ ಭಯ ಕಡಿಮೆ. ತಾರಸಿಯ ಮೇಲೆ ಕಂಬ ನೆಟ್ಟು ಕಟ್ಟುವುದಾದರೆ ಮಾತು ಬೇರೆ: ಸರಿಯಾದ ಅರ್ಥಿಂಗ್ ಮತ್ತು ಸರ್ಜ್ ರಕ್ಷಕ ಇಲ್ಲದೆ ಅದಕ್ಕೆ ಕೈಹಾಕಬೇಡಿ. ಎಲ್ಲಿದ್ದರೂ ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆಗೆ ಅಡಾಪ್ಟರ್ ಕಿತ್ತಿಡುವುದು ವಾಸಿ.

ಗುರಿ ಹಿಡಿಯಲು ಇಬ್ಬರು ಬೇಕು. ಒಬ್ಬರು ಪೆಟ್ಟಿಗೆ ತಿರುಗಿಸುವವರು, ಇನ್ನೊಬ್ಬರು ಅಂಕಿ ಓದುವವರು. ಒಂದು ಸಲಕ್ಕೆ ಹತ್ತು ಡಿಗ್ರಿಯಷ್ಟು ತಿರುಗಿಸಿ, ಅರ್ಧ ನಿಮಿಷ ಕಾದು ಓದಿ. ಮೊದಲು ಎಡಬಲ, ಆಮೇಲೆ ಮೇಲೆಕೆಳಗೆ. ಕಣ್ಣಿಗೆ ನೇರ ಎನಿಸಿದ ದಿಕ್ಕೇ ಶ್ರೇಷ್ಠವಾಗಿರಬೇಕೆಂದಿಲ್ಲ. ನಮ್ಮಲ್ಲಿ ಕೊಂಬೆಯನ್ನು ತಪ್ಪಿಸಿ ಸ್ವಲ್ಪ ಎಡಕ್ಕೆ ತಿರುಗಿಸಿದಾಗ -55 ಸಿಕ್ಕಿತು. ಸಿಗ್ನಲ್‌ಗೂ ಹಿನ್ನೆಲೆ ಗದ್ದಲಕ್ಕೂ ನಡುವೆ 25 ಅಂಕಗಳ ಅಂತರವಾದರೂ ಇದ್ದರೆ ನೆಮ್ಮದಿ.

ಈಗಲೇ ಇಂಟರ್ನೆಟ್ ವೇಗ ಪರೀಕ್ಷಿಸಬೇಡಿ. ಮೊದಲು ಆಚೆಯ ರೂಟರ್‌ನ ವಿಳಾಸಕ್ಕೆ ಐನೂರು ಸಲ ಪಿಂಗ್, ಅಂದರೆ ‘ಇದ್ದೀಯಾ’ ಎಂದು ಕೇಳುವ ಪುಟ್ಟ ಸಂದೇಶ, ಕಳುಹಿಸಿ. ಒಂದೂ ಕಳೆದುಹೋಗದೆ, ಹೆಚ್ಚಿನವು ಹತ್ತು ಮಿಲಿಸೆಕೆಂಡಿನೊಳಗೆ ಮರಳಿದರೆ ರೇಡಿಯೊ ಕೊಂಡಿ ಗಟ್ಟಿ ಎಂದರ್ಥ. ನಂತರ ವೇಗ ನೋಡಿ. 20 ಮೆಗಾಹರ್ಟ್ಸ್ ಅಗಲದಲ್ಲಿ ಈ ಉಪಕರಣದ ಕೊಂಡಿ ವೇಗದ ತುತ್ತತುದಿ 144 ಎಂಬಿಪಿಎಸ್. ಕೈಗೆ ಬರುವುದು ಅದರ ಅರ್ಧದಷ್ಟು. ನಮಗೆ ಬೆಳಗಿನ ಹೊತ್ತು 65, ರಾತ್ರಿ ಎಂಟರ ಸುಮಾರಿಗೆ 40. ರಿಪೀಟರ್ ಕಾಲದಲ್ಲಿ ಸಿಗುತ್ತಿದ್ದದ್ದು 6.

ಒಳಗೆ ಹಂಚುವುದು

ಅಡಾಪ್ಟರ್‌ನ ಲ್ಯಾನ್ ಕಿಂಡಿಯಿಂದ ಬಂದ ಕೇಬಲ್ಲನ್ನು ಮನೆಯೊಳಗಿನ ರೂಟರ್‌ಗೆ ಸೇರಿಸಿ, ಆ ರೂಟರ್ ಅನ್ನು ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿತ್ತರಿಸುವುದನ್ನಷ್ಟೇ ಮಾಡುವ ಉಪಕರಣ, ಆಗಿಸಿ. ಹಳೆಯ ರೂಟರ್‌ನಲ್ಲಿ ಆ ಆಯ್ಕೆ ಇಲ್ಲವೇ? ಅದಕ್ಕೆ 10.20.30.2 ಎಂಬ ವಿಳಾಸ ಕೊಟ್ಟು, ಉಪಕರಣಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಕೇಬಲ್ಲನ್ನು ಇಂಟರ್ನೆಟ್‌ಗೆಂದು ಇರುವ ವ್ಯಾನ್ ಕಿಂಡಿಗೆ ಹಾಕದೆ ಲ್ಯಾನ್ ಕಿಂಡಿಗಳಲ್ಲೊಂದಕ್ಕೆ ಹಾಕಿ. ಅಷ್ಟೇ.

ಚಾನೆಲ್ ವಿಷಯದಲ್ಲಿ ಮೈಮರೆತರೆ ಇಲ್ಲಿಯವರೆಗಿನ ಶ್ರಮವೆಲ್ಲ ನೀರುಪಾಲು. ಹೊರಗಿನ ಕೊಂಡಿ 6ರಲ್ಲಿದ್ದರೆ ಒಳಗಿನ 2.4 ಗಿಗಾಹರ್ಟ್ಸ್ 1ರಲ್ಲೋ 11ರಲ್ಲೋ ಇರಬೇಕು. ಫೋನು, ಲ್ಯಾಪ್‌ಟಾಪು, ಟಿವಿಗಳು 5 ಗಿಗಾಹರ್ಟ್ಸ್ ಹಿಡಿದರೆ ಇನ್ನೂ ಒಳ್ಳೆಯದು. ಎರಡು ಉಪಕರಣಗಳ ನಡುವೆ ಕೆಲವು ಮೀಟರ್‌ಗಳೂ ಒಂದು ಗೋಡೆಯೂ ಇರಲಿ.

ಒಳಗಿನ ರೂಟರ್ ಬಾಲ್ಕನಿಯ ಪಕ್ಕದಲ್ಲೇ ಕೂತರೆ ಅರ್ಧ ಸಿಗ್ನಲ್ ರಸ್ತೆಗೆ ದಾನ. ಹಾಲಿನಿಂದ ಕೋಣೆಗಳಿಗೆ ಹೋಗುವ ಓಣಿಯಲ್ಲಿ, ಆಳೆತ್ತರದಲ್ಲಿ, ಬಯಲಾಗಿಯೇ ಇಡಿ. ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ದೇವರ ಗೂಡಿನ ಪಕ್ಕದ ಮೊಳೆಯೇ ನಟ್ಟನಡುವೆ ಬಂತು. ಅಮ್ಮ ಮೊದಲು ಮುಖ ಸಿಂಡರಿಸಿದರು. ಹಾಸಿಗೆಯಲ್ಲಿ ಕೂತು ಪ್ರವಚನ ಕೇಳುವಂತಾದ ಮೇಲೆ ಅದಕ್ಕೂ ವಾರಕ್ಕೊಮ್ಮೆ ದೂಳು ಒರೆಸುತ್ತಾರೆ.

ಕೊನೆಯ ಕೋಣೆಗೆ ಇನ್ನೂ ಸಾಲದೆ ಹೋದರೆ ಎರಡನೆಯ ಆಕ್ಸೆಸ್ ಪಾಯಿಂಟ್ ಬೇಕು, ಅದೂ ತಂತಿಯಲ್ಲೇ. ಗೋಡೆ ಒಡೆಯಬೇಕಿಲ್ಲ. ಬಹಳಷ್ಟು ಫ್ಲ್ಯಾಟುಗಳಲ್ಲಿ ಕೋಣೆಕೋಣೆಗೆ ಟಿವಿ ಕೇಬಲ್ಲಿಗೆಂದು ಗೋಡೆಯೊಳಗೆ ಪೈಪು ಹಾಕಿರುತ್ತಾರೆ, ಇಂದು ಅದು ಖಾಲಿ ಬಿದ್ದಿರುತ್ತದೆ. ಎಲೆಕ್ಟ್ರಿಷಿಯನ್ ಬಳಿ ಇರುವ ಸ್ಪ್ರಿಂಗ್ ವೈರ್ ತೂರಿಸಿ ಕ್ಯಾಟ್ 6 ಎಳೆಸಬಹುದು. ವಿದ್ಯುತ್ ತಂತಿ ಹೋಗುವ ಪೈಪಿನಲ್ಲಿ ಮಾತ್ರ ಹಾಯಿಸಬೇಡಿ. ತುದಿಯ ಕನೆಕ್ಟರ್ ನೀವೇ ಹಾಕುವುದಾದರೆ ಬಣ್ಣದ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ.

ಮನೆಯ ವಿದ್ಯುತ್ ತಂತಿಯಲ್ಲೇ ಡೇಟಾ ಕಳುಹಿಸುವ ಪವರ್‌ಲೈನ್ ಅಡಾಪ್ಟರ್‌ಗಳ ಬಗ್ಗೆ ನನಗೆ ಅರೆಮನಸ್ಸು. ನಮ್ಮ ಮನೆಗಳಲ್ಲಿ ಯುಪಿಎಸ್ ಲೈನು ಬೇರೆ, ಮುಖ್ಯ ಲೈನು ಬೇರೆ. ಒಂದು ಅಡಾಪ್ಟರ್ ಈ ಲೈನಿನಲ್ಲೂ ಇನ್ನೊಂದು ಆ ಲೈನಿನಲ್ಲೂ ಸಿಕ್ಕಿಕೊಂಡರೆ ಕೊಂಡಿ ಬೀಳದೆಯೂ ಇರಬಹುದು. ಸ್ಪೈಕ್ ಬಸ್ಟರ್ ಮೂಲಕ ಹಾಕಿದರಂತೂ ಅದು ಸಿಗ್ನಲ್ಲನ್ನೇ ನುಂಗುತ್ತದೆ. ಮರಳಿಸಲು ಒಪ್ಪುವ ಅಂಗಡಿಯಲ್ಲಿ ಕೊಂಡು ಪ್ರಯತ್ನಿಸಿ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಒಂದೇ ಜಾಲದಂತೆ ನಡೆಯುವ ಮೆಶ್ ರೂಟರ್ ಜೋಡಿಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ, ತಂತಿಯಲ್ಲಿ ಜೋಡಿಸಿದರೆ ಮತ್ತೂ ಚೆನ್ನಾಗಿ.

ಎರಡು ಆಕ್ಸೆಸ್ ಪಾಯಿಂಟುಗಳಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಬೇರೆ ಬೇರೆ ಚಾನೆಲ್. 2.4ರ ಶಕ್ತಿಯನ್ನು ‘ಮಧ್ಯಮ’ಕ್ಕೆ ಇಳಿಸಿ. ಹಳೆಯದು ಜೋರಾಗಿ ಕೇಳುತ್ತಿರುವಷ್ಟು ಹೊತ್ತು ಫೋನು ಅದನ್ನು ಬಿಡುವುದಿಲ್ಲ. ತುಸು ಕಡಿಮೆಯಾದರೆ ಕೋಣೆ ಬದಲಿಸಿದಾಗ ತಾನೇ ಹತ್ತಿರದ್ದಕ್ಕೆ ಜಿಗಿಯುತ್ತದೆ. ಪಾಸ್‌ವರ್ಡ್ ಒತ್ತದೆಯೇ ಉಪಕರಣ ಸೇರಿಸುವ ಡಬ್ಲ್ಯುಪಿಎಸ್ ಗುಂಡಿಯ ಸೌಲಭ್ಯವನ್ನು ಎಲ್ಲ ಕಡೆ ನಿಲ್ಲಿಸಿಬಿಡಿ.

ಕೈಕೊಟ್ಟಾಗ

ಕರೆಂಟು ಹೋದರೆ ನಮ್ಮಲ್ಲಿ ಯುಪಿಎಸ್ ಇದ್ದರೂ ಆಚೆ ಮನೆಯ ರೂಟರ್ ಮಲಗಿರುತ್ತದೆ. ರೂಟರ್‌ಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಎರಡನ್ನು ಅಲ್ಲಿಡಬೇಕು; ಒಂದು ಫೈಬರ್ ಪೆಟ್ಟಿಗೆಗೆ, ಒಂದು ಕಿಟಕಿಯ ರೂಟರ್‌ಗೆ. ಕೊಳ್ಳುವ ಮುನ್ನ ಎರಡರ ವೋಲ್ಟೇಜನ್ನೂ ಓದಿಕೊಳ್ಳಿ, ಕೆಲವು ರೂಟರ್‌ಗಳು 9 ವೋಲ್ಟಿನವು. ಸಂಜೆ ಮಾತ್ರ ನಿಧಾನವಾದರೆ ಚಾನೆಲ್ ಗದ್ದಲ; ರಾತ್ರಿ ಎಂಟಕ್ಕೆ ಮತ್ತೆ ಆ್ಯಪ್ ತೆರೆದು ನೋಡಿ, ಮಧ್ಯಾಹ್ನದ ಅಂಕಿಗಳನ್ನು ನಂಬಬೇಡಿ. ಮಳೆ ನಿಂತ ಮೇಲೂ ಕೆಲವು ಗಂಟೆ ಕುಂಟಿದರೆ ಹಾದಿಯಲ್ಲಿ ಮರವಿದೆ.

ನಮ್ಮ ಕೊಂಡಿಗೆ ಇದಾವುದೂ ಅಲ್ಲದ ಒಂದು ರೋಗವಿತ್ತು. ಪ್ರತಿ ಭಾನುವಾರ ಹತ್ತು ಗಂಟೆಯ ಹೊತ್ತಿಗೆ -55 ಅಂಕಿ -65ರ ಆಚೆಗೆ ಕುಸಿಯುವುದು, ಮಧ್ಯಾಹ್ನ ಮೂರಕ್ಕೆ ತಾನಾಗಿ ಸರಿಹೋಗುವುದು. ಚಾನೆಲ್ ಬದಲಿಸಿದೆ, ಕೇಬಲ್ ಬದಲಿಸಿದೆ. ಅಲೆಗಳು ದಾರದಂತೆ ಸಾಗುವುದಿಲ್ಲ, ನಡುವೆ ಉಬ್ಬಿ ಸಾಗುತ್ತವೆ, 70 ಮೀಟರ್ ಹಾದಿಯ ಮಧ್ಯದಲ್ಲಿ ಆ ಉಬ್ಬಿನ ತ್ರಿಜ್ಯ ಸುಮಾರು ಒಂದೂವರೆ ಮೀಟರ್ ಎಂದು ಲೆಕ್ಕ ಹಾಕಿ ಹೊಂಗೆ ಮರವನ್ನೇ ದೂರಿದೆ. ಕೊನೆಗೆ ಒಂದು ಭಾನುವಾರ ಬೈನಾಕ್ಯುಲರ್ ಹಿಡಿದು ನೋಡಿದಾಗ ಕಂಡದ್ದು: ಅಣ್ಣನ ಮನೆಯ ಕಿಟಕಿಯ ಎದುರಿನ ಹಗ್ಗದ ಮೇಲೆ, ಆಗಷ್ಟೇ ಒಗೆದು ಹಾಕಿದ ನಾಲ್ಕು ದಪ್ಪ ಬೆಡ್‌ಶೀಟುಗಳು. ಒದ್ದೆ ಬಟ್ಟೆ ಎಂದರೆ ನೀರಿನ ಪರದೆ. ಒಣಗುತ್ತಿದ್ದಂತೆ ನಮ್ಮ ಇಂಟರ್ನೆಟ್ಟೂ ಚೇತರಿಸಿಕೊಳ್ಳುತ್ತಿತ್ತು. ಹಗ್ಗ ಸರಿಸಿ ಎಂದು ಅತ್ತಿಗೆಗೆ ಹೇಳುವ ಧೈರ್ಯ ನಮ್ಮಿಬ್ಬರಲ್ಲಿ ಯಾರಿಗೂ ಬರಲಿಲ್ಲ. ಇನ್ನೂ ಮೂರು ಮೀಟರ್ ಕೇಬಲ್ ಸೇರಿಸಿ ರೂಟರ್ ಅನ್ನು ಪಕ್ಕದ ಕಿಟಕಿಗೆ ಒಯ್ದೆವು. ನಾನು ಸಿಪಿಇಯನ್ನು ಒಂದು ಬೆರಳಿನಷ್ಟು ಬಲಕ್ಕೆ ತಿರುಗಿಸಿದೆ. ಈಗ ಭಾನುವಾರವೂ -56.